ಕಾಲಿನ ಕಾಯಿಲೆಗೆ ಕೈ ಯಾಕೆ ಸೋಲುತ್ತೆ?

ಅವತ್ತಿನ ಕಾರ್ಯಕ್ರಮ ಇದ್ದದ್ದು ಫೋಲಿಕ್ ಆಸಿಡ್ ಮಾತ್ರೆ ಬಗ್ಗೆ. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಂಡರೆ ಸ್ಪೈನಾ ಬೈಫಿಡಾದ ಸಾಧ್ಯತೆ ಬಹಳ ಕಡಿಮೆಯಾಗುತ್ತೆ ಅಂತ ಹೇಳಿ, 'ಇದು ಬಂದ ಮಕ್ಕಳಿಗೆ ಕಾಲಿನ ಶಕ್ತಿ ಹೋಗುತ್ತೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಮೇಕಪ್ ಒರೆಸಿಕೊಳ್ಳುವಾಗ ಫೋನ್ ಬಂತು.

"ಸರ್, ನನ್ನ ಮಗ ಎರಡು ಪುಟ ಬರೆಯೋಷ್ಟರಲ್ಲಿ ಪೆನ್ ಬಿಡ್ತಾನೆ. ಟೀಚರ್ ಕೇಳ್ತಾರೆ, ವೀಲ್‌ಚೇರ್ ಇರೋದು ಕಾಲಿಗಲ್ವಾ, ಕೈಗೇನಾಗಿದೆ ಅಂತ. ಈಗ ನೀವೂ ಅದನ್ನೇ ಹೇಳಿದ್ರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ವೈದ್ಯರನ್ನು ಕೇಳಿದೆ.

ನೋಡಿ, ಗರ್ಭದ ಮೊದಲ 28 ದಿನಗಳ ಒಳಗೆ ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಈ ಮಕ್ಕಳಲ್ಲಿ ಅದು ಒಂದು ಕಡೆ, ಹೆಚ್ಚಾಗಿ ಸೊಂಟದ ಹತ್ತಿರ, ತೆರೆದೇ ಉಳಿಯುತ್ತೆ. ಕೈಗೆ ಹೋಗುವ ನರಗಳು ಹೊರಡೋದು ಕುತ್ತಿಗೆಯಿಂದ. ಹಾಗಾಗಿ ಕೈ ಸರಿ ಇರಬೇಕು ಅನ್ನೋದು ಟೀಚರ್ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು.

ಆದರೆ ಅಳೆದು ನೋಡಿದವರಿಗೆ ಬೇರೆಯೇ ಕಂಡಿದೆ. ಅಳೆಯೋ ಸಾಧನದ ಹೆಸರು ಡೈನಮೋಮೀಟರ್. ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ಇದೇ ಹೆಸರಿನ ಯಂತ್ರಕ್ಕೆ ಹಗ್ಗ ಸುತ್ತಿ ಬೆವರು ಸುರಿಸಿದ್ದೆವು. ಇದು ಅಂಗೈಯಲ್ಲಿ ಹಿಡಿಯುವಂಥದ್ದು. ಮಗು ಕುಳಿತು, ಮೊಣಕೈಯನ್ನು 90 ಡಿಗ್ರಿ ಮಡಚಿ, ಹಿಡಿಯನ್ನು ಹಿಸುಕಬೇಕು. ಮೂರು ಸಲ ಹಿಸುಕಿದ್ದರ ಸರಾಸರಿ, ಕೆಜಿ ಲೆಕ್ಕದಲ್ಲಿ. ಅದನ್ನು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಜೊತೆಗೇ ಹೋಲಿಸಬೇಕು, ಯಾಕಂದ್ರೆ ಹದಿಹರೆಯಕ್ಕೆ ಬಂದ ಕೂಡಲೇ ಹುಡುಗರ ಹಿಡಿತ ಸರ್ರನೆ ಏರುತ್ತೆ. ಹಾಗೆ ಹೋಲಿಸಿದಾಗ ಸ್ಪೈನಾ ಬೈಫಿಡಾ ಇರುವ ಮಕ್ಕಳ ಹಿಡಿತ ಸರಾಸರಿಯಲ್ಲಿ ಕಡಿಮೆ. ಎಲ್ಲರದ್ದೂ ಅಲ್ಲ.

ಕಾರಣ ಇರೋದು ಮೇಲೆ. ಬೆನ್ನು ತೆರೆದೇ ಇರುವ ತೀವ್ರ ರೂಪದಲ್ಲಿ ಕಿರುಮೆದುಳು ಮತ್ತು ಮೆದುಳಿನ ಕಾಂಡ ತಲೆಬುರುಡೆಯ ತೂತಿನಿಂದ ಕುತ್ತಿಗೆಯೊಳಗೆ ಜಾರಿರುತ್ತವೆ. ಇದನ್ನು ಕಿಯಾರಿ ಟೈಪ್ 2 ಅಂತಾರೆ. ಮೆದುಳಿನ ದ್ರವದ ದಾರಿ ಕಟ್ಟಿಕೊಂಡು ತಲೆಯಲ್ಲಿ ನೀರು ತುಂಬುತ್ತೆ. ಅದನ್ನು ಹೊಟ್ಟೆಗೆ ಇಳಿಸಲು ಶಂಟ್ ಅನ್ನೋ ಕೊಳವೆ ಹಾಕ್ತಾರೆ. ಕೆಲವರಿಗೆ ಬೆನ್ನುಹುರಿಯೊಳಗೇ ನೀರಿನ ಕುಳಿ ಆಗುತ್ತೆ. ಇವೆಲ್ಲ ಕೈಯ ಬಲಕ್ಕೂ ಬೆರಳುಗಳ ಹೊಂದಾಣಿಕೆಗೂ ಏಟು ಕೊಡಬಲ್ಲವು. ವೀಲ್‌ಚೇರ್ ತಳ್ಳಿ ತಳ್ಳಿ ತೋಳು ಗಟ್ಟಿಯಾಗಿರಬಹುದು, ಆದರೆ ಪೆನ್ ಹಿಡಿಯೋದು ಬೇರೆ ಕೆಲಸ.

ಇನ್ನೊಂದು ವಿಷಯವನ್ನು ಪೋಷಕರು ಬರೆದಿಟ್ಟುಕೊಳ್ಳಬೇಕು. ಮೊದಲಿಂದ ಕಡಿಮೆ ಇರುವ ಹಿಡಿತ ಬೇರೆ, ಇದ್ದದ್ದು ಇಳಿಯೋದು ಬೇರೆ. ನಿನ್ನೆ ತೆಗೆಯುತ್ತಿದ್ದ ಬಾಟಲಿ ಮುಚ್ಚಳ ಇವತ್ತು ಬರ್ತಿಲ್ಲ ಅಂದ್ರೆ ಶಂಟ್ ಕಟ್ಟಿಕೊಂಡಿರಬಹುದು, ಕುಳಿ ದೊಡ್ಡದಾಗಿರಬಹುದು. ತಲೆನೋವು, ವಾಂತಿ ಜೊತೆಗಿದ್ದರಂತೂ ತಡಮಾಡದೆ ನ್ಯೂರೋಸರ್ಜನ್ ಹತ್ತಿರ ಹೋಗಬೇಕು. ಆಗಾಗ ಹಿಡಿತ ಅಳೆದು ಬರೆದಿಟ್ಟಿದ್ದರೆ ಆ ಇಳಿತ ಕಣ್ಣಿಗೆ ಬೀಳುತ್ತೆ. ಮೂತ್ರಕ್ಕೆ ತಾವೇ ಕ್ಯಾಥೆಟರ್ ಹಾಕಿಕೊಳ್ಳೋ ಮಕ್ಕಳಿಗೆ ಆ ಬೆರಳುಗಳೇ ಸ್ವಾತಂತ್ರ್ಯ.

ಆ ತಾಯಿಗೆ ಮರಳಿ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಕೇಳಿಸಿಕೊಂಡು, "ಇದನ್ನೇ ಟಿವಿಯಲ್ಲಿ ಹೇಳ್ತೀರಾ? ಟೀಚರ್ ನಿಮ್ಮ ಪ್ರೋಗ್ರಾಂ ನೋಡ್ತಾರೆ" ಅಂದರು. ಮರುದಿನ ತಿದ್ದುಪಡಿ ಓದಿದೆ.