ಮುಖ ಊದಿದೆ ಅಷ್ಟೇ ಅಂತ ಬಿಡಬೇಡಿ, ಒಳಗೆ ಮೂಳೆ ಮುರಿದಿರಬಹುದು

ಬೈಕ್‌ನಿಂದ ಬಿದ್ದು ಮುಖಕ್ಕೆ ಪೆಟ್ಟಾದವರಿಗೆ ನಾಲ್ಕು ಹೊಲಿಗೆ ಹಾಕಿಸಿ ಮನೆಗೆ ಕರ್ಕೊಂಡು ಬರೋದು ಸಾಮಾನ್ಯ. 'ಊತ ಇಳಿದ್ರೆ ಸರಿ ಹೋಗುತ್ತೆ' ಅಂತ ಸಮಾಧಾನವನ್ನೂ ಹೇಳ್ತಾರೆ. ಆದರೆ ಮುರಿದ ಮೂಳೆಯನ್ನು ಮುಚ್ಚಿಡುವುದೇ ಆ ಊತ.

ಮೊದಲು ಕೇಳಬೇಕಾದ್ದು ಒಂದೇ: ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಮೊದಲಿನ ಹಾಗೆ ಕೂರುತ್ತಾ? ಕೂರದಿದ್ದರೆ ದವಡೆ ಮುರಿದಿರುವ ಅನುಮಾನ ಬಲವಾಗಿರುತ್ತೆ. ಒಂದು ವಸ್ತು ಎರಡಾಗಿ ಕಾಣುವುದು, ಕೆನ್ನೆ ಜೋಮು ಹಿಡಿಯುವುದೂ ಲಕ್ಷಣಗಳೇ. ಮೂಗಿನಿಂದ ತಿಳಿ ನೀರು ಸೋರಿದರೆ ನೆಗಡಿ ಅಂದುಕೊಳ್ಳಬಾರದು. ಅದು ಮೆದುಳಿನ ಸುತ್ತಲಿನ ದ್ರವ ಇರಬಹುದು, ಮೂಗು ಸೀಟಲೇಬಾರದು.

ಫ್ರಾನ್ಸ್‌ನ ಸರ್ಜನ್ ರೆನೆ ಲೆ ಫೋರ್ 1901ರಲ್ಲಿ ಶವಗಳ ಮೇಲೆ ಪ್ರಯೋಗ ಮಾಡಿ, ಮುಖದ ಮಧ್ಯಭಾಗ ಹೆಚ್ಚಾಗಿ ಮೂರು ರೀತಿ ಒಡೆಯುತ್ತೆ ಎಂದು ತೋರಿಸಿದರು. ಮೊದಲನೆಯದರಲ್ಲಿ ಮೇಲಿನ ಹಲ್ಲಿನ ಸಾಲು ಮಾತ್ರ ಬೇರೆಯಾಗುತ್ತೆ. ಎರಡನೆಯದರಲ್ಲಿ ಮೂಗೂ ಸೇರಿ ಅಲ್ಲಾಡುತ್ತೆ. ಮೂರನೆಯದರಲ್ಲಿ ಇಡೀ ಮುಖವೇ ತಲೆಬುರುಡೆಯಿಂದ ಕಳಚಿದ ಹಾಗೆ. ಡಾಕ್ಟರ್‌ಗಳು ಮೇಲಿನ ಹಲ್ಲು ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡೋದು ಇದಕ್ಕೇ (ಮನೆಯಲ್ಲಿ ಯಾರೂ ಈ ಪರೀಕ್ಷೆ ಮಾಡಬೇಡಿ). ಸಾದಾ ಎಕ್ಸ್‌ರೇಯಲ್ಲಿ ಈ ಬಿರುಕುಗಳು ತಪ್ಪಿಹೋಗಬಹುದು, ಸಿಟಿ ಸ್ಕ್ಯಾನ್ ಬೇಕು.

ಆಸ್ಪತ್ರೆಯಲ್ಲಿ ಮೊದಲ ಕೆಲಸ ಉಸಿರಾಟದ ದಾರಿ ತೆರವು ಮಾಡಿ ರಕ್ತ ನಿಲ್ಲಿಸುವುದು. ಊತ ಸ್ವಲ್ಪ ಇಳಿದ ಮೇಲೆ ಮೂಳೆ ಜೋಡಿಸಿ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಕೆಲವರಿಗೆ ಮೇಲಿನ-ಕೆಳಗಿನ ಹಲ್ಲುಗಳನ್ನು ತಂತಿಯಿಂದ ಕಟ್ಟುತ್ತಾರೆ, ಆಗ ಕೆಲವು ವಾರ ಗಂಜಿ, ಜ್ಯೂಸೇ ಊಟ. ಅಂಥವರು ಮನೆಗೆ ಹೋಗುವಾಗ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್ ಜೊತೆಗಿರಲಿ. ವಾಂತಿ ಬಂದು ಉಸಿರು ಕಟ್ಟಿದರೆ ಬೇಕಾಗುತ್ತೆ, ಎಲ್ಲಿ ಕತ್ತರಿಸಬೇಕೆಂದು ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ತಿಂಗಳುಗಟ್ಟಲೆ ತಡ ಮಾಡಿದರೆ ಮೂಳೆ ವಕ್ರವಾಗಿಯೇ ಕೂಡಿಕೊಳ್ಳುತ್ತೆ, ಆಮೇಲೆ ಮತ್ತೆ ಮುರಿದು ಜೋಡಿಸಬೇಕಾಗಬಹುದು.

ಇನ್ನು ದುಡ್ಡಿನ ಮಾತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಣುವ ಕೋಡ್ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯದು. ಎಸ್01 ಅಂದರೆ ತಲೆ-ಮುಖದ ತೆರೆದ ಗಾಯ, ಮೂಳೆಯ ಸುದ್ದಿಯೇ ಇಲ್ಲ. ಮೂಗಿನ ಮೂಳೆ ಮುರಿದರೆ ಎಸ್02.2, ಕೆನ್ನೆ ಮತ್ತು ಮೇಲ್ದವಡೆಗೆ ಎಸ್02.4, ಕೆಳದವಡೆಗೆ ಎಸ್02.6. ಲೆ ಫೋರ್‌ನ ಮೂರು ವಿಧಕ್ಕೂ ಬೇರೆ ಬೇರೆ ಕೋಡ್ ಇರುವುದು ಅಮೆರಿಕದ ಆವೃತ್ತಿಯಲ್ಲಿ. ಇಲ್ಲಿ ಎಸ್02.4 ಒಂದೇ ಎಲ್ಲವನ್ನೂ ಹೊರುತ್ತೆ, ಹಾಗಾಗಿ ಯಾವ ವಿಧ ಅನ್ನೋದು ಡಾಕ್ಟರ್ ಬರಹದಲ್ಲಿ ಇರಬೇಕು. ಬರೀ 'ಮುಖಕ್ಕೆ ಗಾಯ' ಎಂದು ಬರೆದಿದ್ದರೆ, ಪ್ಲೇಟ್ ಹಾಕಿದ ಬಿಲ್ಲಿಗೆ ಇನ್ಶೂರೆನ್ಸ್‌ನವರು ತಕರಾರು ತೆಗೆಯಲು ಅದೇ ಸಾಕು.

ರಸ್ತೆ ಅಪಘಾತಕ್ಕೆ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆ ಯೋಜನೆ 2025ರ ಮೇ 5ರಿಂದ ಜಾರಿಯಲ್ಲಿದೆ. ಗುರುತಿಸಿದ ಆಸ್ಪತ್ರೆಗಳಲ್ಲಿ ಒಬ್ಬರಿಗೆ 1.5 ಲಕ್ಷ ರೂ.ವರೆಗೆ, 7 ದಿನ. ಆ 7 ದಿನ ಎಣಿಸುವುದು ಅಪಘಾತದ ದಿನದಿಂದ, ಆಸ್ಪತ್ರೆಗೆ ಸೇರಿದ ದಿನದಿಂದಲ್ಲ. ಊತ ಇಳಿಯಲಿ ಅಂತ ಮನೆಯಲ್ಲಿ ಕೂತವರಿಗೆ ಹೋಗೋದು ಆ ದಿನಗಳೇ.

ಡಿಸ್ಚಾರ್ಜ್ ಆಗುವ ಮುಂಚೆಯೇ ಸಮ್ಮರಿ ಓದಿ, ಮುರಿದ ಮೂಳೆಯ ಹೆಸರು, ಪೆಟ್ಟು ಆದ ಬಗೆ ಎರಡೂ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಸರಿ ಮಾಡಿಸಿ, ಸಿಟಿ ಸ್ಕ್ಯಾನ್ ರಿಪೋರ್ಟ್ ಕೇಳಿ ತಗೊಳ್ಳಿ.