ಹಸು ಕಟ್ಟುವ ಮರ ಗಟ್ಟಿಯಾಗಿದೆಯೇ?



ಬೇಸಿಗೆ ಬಂತೆಂದರೆ ನಮ್ಮ ಹೊಸಕೋಟೆ ಕಡೆ ರಾಸುಗಳನ್ನು ಹುಣಸೆ, ಹೊಂಗೆ, ಬೇವು ಇಲ್ಲವೇ ಹಲಸಿನ ಮರದ ನೆರಳಿಗೆ ತಂದು ಕಟ್ಟುವುದು ರೂಢಿ. ಇದು ಒಳ್ಳೆಯ ರೂಢಿಯೇ. ಉಷ್ಣಾಂಶ 25-26 ಡಿಗ್ರಿ ದಾಟಿದರೆ ಎಚ್.ಎಫ್. ಹಸುವಿಗೆ ಸೆಕೆಯ ಬಾಧೆ ಶುರುವಾಗುತ್ತದೆ, ಮೇವು ತಿನ್ನುವುದು ಕಡಿಮೆಯಾಗಿ ಹಾಲೂ ಇಳಿಯುತ್ತದೆ. ಆದರೆ ಅದೇ ಏಪ್ರಿಲ್-ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಬಿರುಗಾಳಿ ಮಳೆಯೂ ಬರುತ್ತದೆ. ಮರಗಳು ಉರುಳುವುದು ಆಗಲೇ. ಪಶುವೈದ್ಯರಿಗೆ ಮರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಮರ ಬಿದ್ದು ಬೆನ್ನುಮೂಳೆ ಮುರಿದ ಹಸುವಿಗೆ ನಮ್ಮಲ್ಲಿ ಔಷಧಿ ಇಲ್ಲ. ಗೂಟದ ಬಳಿ ಹಾಲು ಕರೆಯಲು ಕೂತವರ ಮಾತು ಹೇಳಲೇಬೇಕಾಗಿಲ್ಲ.

ಮರದ ಬುಡದಲ್ಲಿ ಅಣಬೆ ಕಂಡರೆ ಅದನ್ನು ಕಾಲಿನಿಂದ ಒದ್ದು ಸುಮ್ಮನಾಗಬೇಡಿ. ತೆಂಗು, ಅಡಿಕೆ ಬೆಳೆದವರಿಗೆ ಅಣಬೆ ರೋಗ ಗೊತ್ತಿದೆ. ಆ ಗ್ಯಾನೊಡರ್ಮಾ ಜಾತಿಯ ಶಿಲೀಂಧ್ರಗಳೇ ಹೊಂಗೆ, ಕತ್ತಿಕಾಯಿ ಮರ ಮುಂತಾದವುಗಳ ಬೇರನ್ನೂ ಬುಡವನ್ನೂ ಕೊಳೆಸುತ್ತವೆ. ಬುಡಕ್ಕೆ ಅಂಟಿದ ಹಲಗೆಯಂಥ ಅಣಬೆ, ಮೇಲೆ ವಾರ್ನಿಷ್ ಬಳಿದಂಥ ಕೆಂಗಂದು ಬಣ್ಣ, ಅಡಿಯಲ್ಲಿ ಬಿಳುಪು ಇದ್ದರೆ ಅದು ಇದೇ ಇರಬಹುದು. ಹೊರಗೆ ಕಾಣುವುದು ಅದರ ಫಲ ಮಾತ್ರ. ಶಿಲೀಂಧ್ರದ ಎಳೆಗಳು ಬಹುಕಾಲದಿಂದ ಒಳಗೆ ಮರವನ್ನು ತಿನ್ನುತ್ತಿರುತ್ತವೆ. ಅಣಬೆ ಕಿತ್ತರೆ ರೋಗ ಹೋಗುವುದಿಲ್ಲ, ಗುರುತು ಮಾತ್ರ ಹೋಗುತ್ತದೆ.

"ಮರ ಹಸಿರಾಗಿಯೇ ಇದೆಯಲ್ಲ?" ಎಂಬುದು ಎಲ್ಲರ ಮಾತು. ಎಲೆಗೆ ನೀರು ಸಾಗಿಸುವುದು ತೊಗಟೆಗೆ ಹತ್ತಿರದ ಎಳೆಯ ಮರ. ಶಿಲೀಂಧ್ರ ಎಷ್ಟೋ ಸಲ ನಡುವಿನ ಚೇಗನ್ನು, ಇಲ್ಲವೇ ಮರಕ್ಕೆ ಆಧಾರವಾದ ದಪ್ಪ ಬೇರುಗಳನ್ನು ತಿನ್ನುತ್ತದೆ. ಆದ್ದರಿಂದ ತುಂಬು ಹಸಿರಿನ ಮರವೇ ಒಂದು ಸಂಜೆ ಬುಡಸಮೇತ ಮಗುಚುವುದುಂಟು. ಹಸಿರೆಲೆಯನ್ನು ನಂಬಬೇಡಿ, ಬುಡ ನೋಡಿ.

ಹಾಗೆಂದು ಪೊಟರೆ ಇರುವ ಮರವೆಲ್ಲ ಬೀಳುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಲ್ಲಿನ ಮುದಿ ಮರಗಳಲ್ಲಿ ಒಳಗೆ ಟೊಳ್ಳಾಗಿಯೂ ನಿಂತಿರುವವುಗಳಿವೆ. ಕೊಳವೆ ಒಳಗೆ ಖಾಲಿಯಿದ್ದರೂ ಗಟ್ಟಿ ಇರುವಂತೆ, ಸುತ್ತಲಿನ ಗೋಡೆ ದಪ್ಪವಿದ್ದರೆ ಕಾಂಡ ತಡೆಯುತ್ತದೆ. ಒಂದು ಅಂದಾಜು ಲೆಕ್ಕವಿದೆ: ಗಟ್ಟಿ ಗೋಡೆಯು ಕಾಂಡದ ಅರೆ ಅಡ್ಡಳತೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಸುತ್ತಳತೆ 6 ಅಡಿ ಇದ್ದರೆ ಸುಮಾರು 4 ಅಂಗುಲ ಗಟ್ಟಿ ಮರ ಬೇಕು. ಒಂದು ಪಕ್ಕ ಬಾಯಿ ತೆರೆದ ಪೊಟರೆಗೆ ಅದೂ ಸಾಲದು. ಬೇರು ಕೊಳೆತಿದ್ದರಂತೂ ಈ ಲೆಕ್ಕವೇ ಬೇಡ, ಅದು ಹೆಚ್ಚಿನ ಅಪಾಯ. ಆಲದ ಮರದ ಮಾತು ಬೇರೆ. ಕೋಲ್ಕತ್ತದ ಬಳಿ ಹೌರಾದ ಸಸ್ಯೋದ್ಯಾನದಲ್ಲಿರುವ ದೊಡ್ಡ ಆಲದ ಮೂಲ ಕಾಂಡವನ್ನು ಶಿಲೀಂಧ್ರ ತಗುಲಿದ್ದರಿಂದ 1925ರಲ್ಲಿ ತೆಗೆದರು; ಬಿಳಲುಗಳ ಮೇಲೆ ಮರ ಇಂದಿಗೂ ನಿಂತಿದೆ. ನಿಮ್ಮ ಹೊಂಗೆಗೆ ಬಿಳಲಿಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಕೊಡತಿ, ಒಂದು ತೆಳು ಸಲಾಕೆ. ಹೊಟ್ಟೆಯುಬ್ಬರ ಬಂದ ಹಸುವಿನ ಎಡಪಕ್ಕೆ ತಟ್ಟಿದರೆ ತಮಟೆಯ ಸದ್ದು ಬರುವುದನ್ನು ಕೇಳಿದ್ದೀರಿ. ಹಾಗೆಯೇ ಕಾಂಡದ ಸುತ್ತ, ಬುಡದಿಂದ ಎದೆಮಟ್ಟದವರೆಗೆ ತಟ್ಟುತ್ತ ಬನ್ನಿ. ಟೊಳ್ಳಿದ್ದಲ್ಲಿ ಸದ್ದು ಬದಲಾಗುತ್ತದೆ. ಬುಡದ ಮಣ್ಣು, ಸಗಣಿ ಸರಿಸಿ ದಪ್ಪ ಬೇರುಗಳನ್ನು ಸಲಾಕೆಯಿಂದ ಚುಚ್ಚಿ. ಮೆತ್ತಗೆ ಒಳಗಿಳಿದರೆ ಬೇರು ಹೋಗಿದೆ. ಮರ ವಾಲಿದ್ದರೆ ಯಾವಾಗಿನಿಂದ ಎಂದು ಮನೆಯ ಹಿರಿಯರನ್ನು ಕೇಳಿ. ಹಳೆಯ ವಾಲು ಇದ್ದರೆ ತುದಿ ಮತ್ತೆ ನೆಟ್ಟಗೆ ಮೇಲೆದ್ದಿರುತ್ತದೆ. ಈಚೆಗೆ ವಾಲಿ, ಹಿಂಬದಿಯ ಮಣ್ಣು ಬಿರುಕು ಬಿಟ್ಟು ಉಬ್ಬಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಅಂದೇ ರಾಸುಗಳನ್ನು ಬಿಚ್ಚಿ ಬೇರೆಡೆ ಕಟ್ಟಿ. ಪೈಪಿಗೋ ಚರಂಡಿಗೋ ಜೆ.ಸಿ.ಬಿ.ಯಿಂದ ಬುಡದ ಪಕ್ಕ ಅಗೆಸಿದ್ದರೆ ಅನುಮಾನ ಇನ್ನೂ ಹೆಚ್ಚಿರಲಿ. ಬೇರಿನ ಗಾಯ, ಕಾಂಡಕ್ಕೆ ಬಿಗಿದ ಹಗ್ಗ, ಮೇಕೆಗೆಂದು ಕಡಿದ ದಪ್ಪ ಕೊಂಬೆ, ಎಲ್ಲವೂ ಶಿಲೀಂಧ್ರಕ್ಕೆ ಬಾಗಿಲು.

ಪೊಟರೆಗೆ ಸಿಮೆಂಟ್ ತುಂಬುವವರಿದ್ದಾರೆ. ಅದರಿಂದ ಮರಕ್ಕೆ ಬಲ ಬರುವುದಿಲ್ಲ, ಒಳಗೆ ತೇವ ನಿಂತು ಕೊಳೆಯುವುದು ಮಾತ್ರ. ಅನುಮಾನವಿದ್ದರೆ ಮೊದಲು ಗೂಟ ಕೀಳಿ. ಮರ ಕಡಿಯುವುದು ಆಮೇಲಿನ ಮಾತು. ಮರದ ಎತ್ತರದ ಒಂದೂವರೆಪಟ್ಟು ದೂರದಲ್ಲಿ ಕಟ್ಟಿದರೆ ಕ್ಷೇಮ. ನೆರಳಿಗೆ ತೆಂಗಿನ ಗರಿಯ ಚಪ್ಪರ ಸಾಕು. ಗುಡುಗು ಸಿಡಿಲಿರುವಾಗ ಎಷ್ಟೇ ಗಟ್ಟಿ ಮರವಾದರೂ ಅದರಡಿ ರಾಸು ಬೇಡ. ಸಿಡಿಲಿನ ವಿದ್ಯುತ್ತು ನೆಲದಲ್ಲಿ ಹರಡುವಾಗ ಮುಂಗಾಲು ಹಿಂಗಾಲುಗಳ ನಡುವಿನ ಅಂತರದಿಂದ ದೇಹದೊಳಗೆ ಹಾಯುತ್ತದೆ.

ಕಡಿಯಲೇಬೇಕಾದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್‌ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ರಸ್ತೆಬದಿಯ, ಗೋಮಾಳದ ಮರವಾದರೆ ನೀವು ಕೊಡಲಿ ಹಾಕಬೇಡಿ, ಪಂಚಾಯಿತಿಗೂ ಅರಣ್ಯ ಇಲಾಖೆಗೂ ಅರ್ಜಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಕೊಂಬೆ ತಂತಿಗೆ ತಾಗುತ್ತಿದ್ದರೆ ಬೆಸ್ಕಾಂನ 1912ಕ್ಕೆ ತಿಳಿಸಿ.

ರೋಗದ ಮರ ತೆಗೆದ ಮೇಲೆ ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಅಗೆದು ತೆಗೆಯಿಸಿ. ಶಿಲೀಂಧ್ರ ಅವುಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದೇ ಗುಂಡಿಯಲ್ಲಿ ತೆಂಗಿನ ಸಸಿ ನೆಟ್ಟರೆ ಅದಕ್ಕೂ ತಗುಲಬಹುದು.