ಅಟ್ಲಾಂಟಾದ ಬಾಡಿಗೆ ಮನೆಗಳು: ನಿಜವಾದ ಮಾಲೀಕರನ್ನು ಹುಡುಕುವ ಬಗೆ

ಅಮೆರಿಕದಲ್ಲಿ ಬಿಡಿ ಮನೆಯನ್ನು ಬಾಡಿಗೆಗೆ ಕೊಡುವುದು ಬಹುಕಾಲ ಸಣ್ಣ ಮಾಲೀಕರ ವ್ಯವಹಾರವಾಗಿತ್ತು. 2008ರ ಆರ್ಥಿಕ ಕುಸಿತದ ನಂತರ ಅದು ಬದಲಾಯಿತು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಸಾಲ ಬಾಕಿಯಾದರೆ ಬ್ಯಾಂಕು ಕೋರ್ಟಿಗೆ ಹೋಗದೆಯೇ ಮನೆ ಹರಾಜು ಹಾಕಬಹುದು. ತಿಂಗಳ ಮೊದಲ ಮಂಗಳವಾರ ಕೌಂಟಿ ನ್ಯಾಯಾಲಯದ ಮೆಟ್ಟಿಲ ಬಳಿ ಕೂಗು ನಡೆಯುತ್ತದೆ. ಗೃಹಸಾಲ ನಂಬಿದ ಕುಟುಂಬ ಅಲ್ಲಿ ನಗದು ಹಿಡಿದ ಕಂಪನಿಯೊಂದಿಗೆ ಪೈಪೋಟಿ ಮಾಡಲಾರದು.

2012ರಲ್ಲಿ ಬ್ಲ್ಯಾಕ್‌ಸ್ಟೋನ್ ಹೂಡಿಕೆ ಸಂಸ್ಥೆ ಇನ್ವಿಟೇಶನ್ ಹೋಮ್ಸ್ ಎಂಬ ಬಾಡಿಗೆ ಮನೆಗಳ ಕಂಪನಿ ಶುರುಮಾಡಿತು. ಮರುವರ್ಷ ಸುಮಾರು 3,200 ಮನೆಗಳಿಂದ ಬರುವ ಬಾಡಿಗೆಯನ್ನೇ ಆಧಾರವಾಗಿಟ್ಟು 47.9 ಕೋಟಿ ಡಾಲರ್ ಬಾಂಡ್ ಹೊರಡಿಸಿತು. ಕೊಂಡ ಮನೆಯ ಮೇಲೆ ಹೀಗೆ ಹಣ ಎತ್ತಿ ಮತ್ತಷ್ಟು ಮನೆ ಕೊಳ್ಳುವ ದಾರಿ ತೆರೆಯಿತು.

ದೇಶದ ಒಟ್ಟು ಬಿಡಿ ಬಾಡಿಗೆ ಮನೆಗಳಲ್ಲಿ ದೊಡ್ಡ ಹೂಡಿಕೆದಾರರ ಪಾಲು ಶೇ 3ರಷ್ಟು ಮಾತ್ರ. ಈ ಅಂಕಿಯನ್ನೇ ತೋರಿಸಿ ಸಮಸ್ಯೆಯೇ ಇಲ್ಲ ಎನ್ನುವವರಿದ್ದಾರೆ. ಆದರೆ ಮನೆ ಹುಡುಕುವವರು ಇಡೀ ದೇಶದಲ್ಲಿ ಹುಡುಕುವುದಿಲ್ಲ, ಕೆಲಸಕ್ಕೂ ಮಕ್ಕಳ ಶಾಲೆಗೂ ಹತ್ತಿರವಿರುವ ನಾಲ್ಕು ಬೀದಿಗಳಲ್ಲಿ ಹುಡುಕುತ್ತಾರೆ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯ 2024ರ ವರದಿಯ ಪ್ರಕಾರ ಅಟ್ಲಾಂಟಾದಲ್ಲಿ ಆ ಪಾಲು ಸುಮಾರು ಶೇ 25.

ಈ ಹಿಡಿತ ಬಾಡಿಗೆದಾರರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಂಪನಿ ಹತ್ತಾರು ಎಲ್‌ಎಲ್‌ಸಿಗಳ (ಸೀಮಿತ ಹೊಣೆಗಾರಿಕೆಯ ಕಂಪನಿಗಳ) ಹೆಸರಲ್ಲಿ ಮನೆ ಇಟ್ಟಿರುತ್ತದೆ. ಅಟ್ಲಾಂಟಾದ ಐದು ಕೌಂಟಿಗಳಲ್ಲಿ ಮೂರೇ ಕಂಪನಿಗಳು 190ಕ್ಕೂ ಹೆಚ್ಚು ಹೆಸರುಗಳಡಿ 19,000ಕ್ಕಿಂತ ಹೆಚ್ಚು ಮನೆಗಳನ್ನು ಹೊಂದಿರುವುದನ್ನು ಟೇಲರ್ ಶೆಲ್ಟನ್ ಮತ್ತು ಎರಿಕ್ ಸೀಮೋರ್ ಎಂಬ ಸಂಶೋಧಕರು 2024ರಲ್ಲಿ ಬಯಲಿಗೆ ತಂದರು. ನನ್ನ ಮಟ್ಟಿಗೆ, ಮನೆ ಕೊಂಡದ್ದಕ್ಕಿಂತ ಈ ಮರೆಯೇ ದೊಡ್ಡ ಅನ್ಯಾಯ. ಪಕ್ಕದ ಮನೆಯವರ ಬಾಡಿಗೆಯೂ ತಮ್ಮ ಬಾಡಿಗೆಯೂ ಒಂದೇ ಕೈ ಸೇರುತ್ತಿದೆಯೆಂದು ತಿಳಿಯದಿದ್ದರೆ ಜನ ಒಟ್ಟಾಗಿ ಕೇಳುವುದಾದರೂ ಯಾರನ್ನು?

ಪತ್ತೆ ಹಚ್ಚುವುದು ಕಷ್ಟವೇನಲ್ಲ. ಕೌಂಟಿಯ ಆಸ್ತಿ ತೆರಿಗೆ ದಾಖಲೆ ಸಾರ್ವಜನಿಕ. ಅದರಲ್ಲಿ ಮಾಲೀಕರ ಹೆಸರಿಗಿಂತ ತೆರಿಗೆ ಬಿಲ್ ಹೋಗುವ ಅಂಚೆ ವಿಳಾಸವನ್ನು ನೋಡಿ. ಬೇರೆ ಬೇರೆ ಹೆಸರಿನ ಎಲ್‌ಎಲ್‌ಸಿಗಳಿಗೆ ಬೇರೆ ರಾಜ್ಯದ ಒಂದೇ ಕಚೇರಿಯ ವಿಳಾಸವಿದ್ದರೆ ಅವುಗಳ ಹಿಂದೆ ಒಬ್ಬರೇ ಇರುವ ಸಾಧ್ಯತೆ ಹೆಚ್ಚು. ಖಚಿತಪಡಿಸಿಕೊಳ್ಳಲು ರಾಜ್ಯದ ಕಂಪನಿ ನೋಂದಣಿಯಲ್ಲೂ ಆ ಹೆಸರುಗಳನ್ನು ಹುಡುಕಿ.

ಇಂಥ ಮನೆ ಬಾಡಿಗೆಗೆ ಪಡೆಯುವುದಾದರೆ, ಅರ್ಜಿ ಶುಲ್ಕ ಕಟ್ಟುವ ಮೊದಲೇ ಬಾಡಿಗೆಯ ಮೇಲೆ ತಿಂಗಳು ತಿಂಗಳು ಏನೇನು ಸೇರುತ್ತದೆಂದು ಬರಹದಲ್ಲಿ ಪಡೆಯಿರಿ. ಜಾಹೀರಾತಿನಲ್ಲಿ ಕಾಣಿಸದ ಇಂಥ ಶುಲ್ಕಗಳು ಸೇರಿದ ದೂರಿನಲ್ಲೇ ಇನ್ವಿಟೇಶನ್ ಹೋಮ್ಸ್ 2024ರಲ್ಲಿ 4.8 ಕೋಟಿ ಡಾಲರ್ ಕೊಡಲು ಒಪ್ಪಿತು. ಬಾಡಿಗೆಗೆ ಮಿತಿ ಹಾಕಿಸಲು ನಗರಸಭೆಗೆ ಮೊರೆಯಿಟ್ಟು ಫಲವಿಲ್ಲ: ಜಾರ್ಜಿಯಾದ ಕಾನೂನು ಸ್ಥಳೀಯ ಆಡಳಿತಗಳಿಗೆ ಆ ಅಧಿಕಾರವನ್ನೇ ಕೊಟ್ಟಿಲ್ಲ. ಆ ಮನವಿ ಹೋಗಬೇಕಾದದ್ದು ರಾಜ್ಯದ ಶಾಸಕರಿಗೆ.